ಮಲಕ್ಕಾದ ಬೆತ್ತದ ಚೆಂಡು

ಬೆತ್ತದಲ್ಲಿ ಬುಟ್ಟಿ, ಕುರ್ಚಿ ಹೆಣೆಯುವುದನ್ನು ನಾವೆಲ್ಲ ಕಂಡವರೇ. ಮಲಯ್ ಜನ ಅದೇ ಬೆತ್ತದ ಸೀಳುಗಳಿಂದ ಒಳಗೆ ಟೊಳ್ಳಾದ ಹಗುರ ಚೆಂಡು ಹೆಣೆದು ಆಡುತ್ತಿದ್ದ ಆಟವೇ ಸೆಪಕ್ ರಾಗಾ. ಸೆಪಕ್ ಎಂದರೆ ಒದೆ, ರಾಗಾ ಎಂದರೆ ಬೆತ್ತದ ಬುಟ್ಟಿ. ಐದಾರು ಮಂದಿ ದುಂಡಗೆ ನಿಂತು ಕಾಲು, ಮೊಣಕಾಲು, ಭುಜ, ತಲೆಯಿಂದ ಚೆಂಡು ಹಾರಿಸುತ್ತಾರೆ. ಕೈ ತಾಗಿಸುವಂತಿಲ್ಲ. ಎದುರು ಪಕ್ಷವೇ ಇಲ್ಲ. ಚೆಂಡು ನೆಲಕ್ಕೆ ಬೀಳದಂತೆ ಎಷ್ಟು ಒದೆ ಬಿತ್ತು ಎಂಬುದಷ್ಟೇ ಲೆಕ್ಕ.

ಸೋಲಿಸಲು ಯಾರೂ ಇಲ್ಲದ ಈ ಆಟದಲ್ಲೇ ಒಂದು ಕೊಲೆ ನಡೆಯಿತು. ಮಲಯ್ ಅರಸರ ಚರಿತ್ರೆ 'ಸೆಜಾರಾ ಮೆಲಾಯು' ಅದನ್ನು ಹೇಳುತ್ತದೆ. 15ನೇ ಶತಮಾನ, ಮಲಕ್ಕಾದಲ್ಲಿ ಸುಲ್ತಾನ್ ಮನ್ಸೂರ್ ಷಾನ ಆಳ್ವಿಕೆ. ಬೆಂದಹಾರ ತುನ್ ಪೆರಾಕ್‌ನ ಮಗ ತುನ್ ಬೆಸಾರ್ ಗೆಳೆಯರೊಂದಿಗೆ ಬೀದಿಯಲ್ಲಿ ಆಡುತ್ತಿದ್ದ. (ಬೆಂದಹಾರ ಎಂದರೆ ಪ್ರಧಾನ ಮಂತ್ರಿ. ನಮ್ಮ ಭಂಡಾರ, ಭಂಡಾರಿಗಳ ನೆಂಟಪದ.) ಅವನು ಒದ್ದ ಚೆಂಡು ಆ ದಾರಿಯಾಗಿ ಬರುತ್ತಿದ್ದ ಸುಲ್ತಾನನ ಮಗನ ಪೇಟಕ್ಕೆ ಬಡಿದು ಪೇಟ ಉರುಳಿತು. ರಾಜಕುಮಾರನ ಸಿಟ್ಟಿಗೆ ತುನ್ ಬೆಸಾರ್ ಅಲ್ಲೇ ಇರಿತಕ್ಕೆ ಬಲಿಯಾದ.

ಬೆಂದಹಾರನ ಕಡೆಯವರು ಆಯುಧ ಹಿಡಿದು ಹೊರಟರು. ಮಗನನ್ನು ಕಳೆದುಕೊಂಡ ತಂದೆಯೇ ಅವರನ್ನು ತಡೆದ: ಅರಸನ ಮೇಲೆ ಕೈ ಎತ್ತುವುದು ಮಲಯರ ಪದ್ಧತಿಯಲ್ಲ. ಆದರೆ ಈ ರಾಜಕುಮಾರನನ್ನು ನಮ್ಮ ಒಡೆಯನೆಂದು ಒಪ್ಪುವುದಿಲ್ಲ ಎಂದ. ಪಟ್ಟಕ್ಕೇರಬೇಕಿದ್ದ ಆ ಮಗನನ್ನು ಸುಲ್ತಾನ ಪಹಾಂಗಿಗೆ ಕಳುಹಿಸಬೇಕಾಯಿತು. ಅವನು ಅಲ್ಲಿಯ ಸುಲ್ತಾನನಾದ. ಮಲಕ್ಕಾದ ಗದ್ದುಗೆ ಮಾತ್ರ ಸಿಗಲಿಲ್ಲ. ಕತ್ತಿಗಿಂತ ತುನ್ ಪೆರಾಕ್‌ನ ಆ ಒಂದು ಮಾತೇ ಹರಿತವಾಗಿತ್ತು ಎಂದು ನನಗನಿಸುತ್ತದೆ.

ಮುಂದೆ ಶತಮಾನಗಳ ಕಾಲ ಆಟ ಹಳ್ಳಿಯಂಗಳದಲ್ಲಿ ದುಂಡಗೇ ಉಳಿಯಿತು. 1945ರಲ್ಲಿ ಪೆನಾಂಗಿನಲ್ಲಿ ನಡುವೆ ಬಲೆ ಕಟ್ಟಿ ಆಡತೊಡಗಿದರು. ಇದರ ಶ್ರೇಯಸ್ಸು ಹಮೀದ್ ಮೈದೀನ್ ಎಂಬವರಿಗೆ ಸಲ್ಲುತ್ತದೆ. ಮೈದೀನ್ ಅಂದರೆ ಬೇರೆ ಯಾರೂ ಅಲ್ಲ, ನಮ್ಮಲ್ಲಿ ಊರಿಗೆ ಹತ್ತು ಮಂದಿ ಇರುವ ಮೊಯ್ದಿನ್ ಎಂಬ ಹೆಸರೇ. ಬಲೆ ಬಂದದ್ದೇ ತಡ, ಎರಡು ಪಕ್ಷಗಳಾದವು, ಅಂಕ ಬಂತು. ಈಗ ಕಡೆಗೆ ಮೂವರಂತೆ ಬ್ಯಾಡ್ಮಿಂಟನ್ ಅಂಗಳದಷ್ಟು ಜಾಗದಲ್ಲಿ ಆಡುತ್ತಾರೆ. ಗಾಳಿಯಲ್ಲಿ ತಲೆಕೆಳಗಾಗಿ ಒದೆಯುವವರನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಚೆಂಡು ಪ್ಲಾಸ್ಟಿಕ್ಕಿನದಾಗಿದೆ.

ಥಾಯ್ಲೆಂಡಿನವರಿಗೂ ಇದು ತಮ್ಮದೇ ಆಟ. ಅವರು ಚೆಂಡನ್ನು ತಕ್ರಾ ಎನ್ನುತ್ತಾರೆ. 1965ರಲ್ಲಿ ಕೌಲಾಲಂಪುರದ ಕ್ರೀಡಾಕೂಟದ ಹೊತ್ತಿಗೆ ಹೆಸರಿನ ಜಗಳ ರಾಜಿಯಲ್ಲಿ ಮುಗಿಯಿತು. ಮಲಯ್‌ನಿಂದ ಒದೆ, ಥಾಯ್‌ನಿಂದ ಚೆಂಡು: ಸೆಪಕ್ ತಕ್ರಾ. 1990ರಲ್ಲಿ ಏಷ್ಯನ್ ಗೇಮ್ಸ್ ಸೇರಿದ ಈ ಆಟದಲ್ಲಿ ಭಾರತಕ್ಕೆ ಮೊದಲ ಪದಕ, ಒಂದು ಕಂಚು, ದಕ್ಕಿದ್ದು 2018ರಲ್ಲಿ, ಇಂಡೊನೇಷ್ಯಾದ ನೆಲದಲ್ಲಿ.