ಮುಚ್ಚಿದ ಬಾಗಿಲಿನ ಸಭೆಗಳು

ಜಗತ್ತಿಗೆಲ್ಲ ಪ್ರಜಾಪ್ರಭುತ್ವದ ಪಾಠ ಹೇಳುವ ಅಮೆರಿಕದಲ್ಲೂ ಸ್ಥಳೀಯ ಸಂಸ್ಥೆಗಳು ಗುಟ್ಟಾಗಿ ಸೇರಿ ತೀರ್ಮಾನಿಸುವ ಚಾಳಿಯಿತ್ತೆಂಬುದನ್ನು ನಾವು ಮರೆಯುತ್ತೇವೆ. 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್ ಪತ್ರಿಕೆಯ ಮೈಕೆಲ್ ಹ್ಯಾರಿಸ್ ಸರಣಿ ಲೇಖನಗಳಲ್ಲಿ ಇದನ್ನು ಬಯಲಿಗೆಳೆದರು. ಮರುವರ್ಷವೇ ಕ್ಯಾಲಿಫೋರ್ನಿಯಾದಲ್ಲಿ ಶಾಸಕ ರಾಲ್ಫ್ ಬ್ರೌನ್‌ರ ಹೆಸರಿನ ಕಾಯ್ದೆ ಬಂತು. ಸ್ಥಳೀಯ ಸಂಸ್ಥೆಗಳ ಸಭೆ ಜನರೆದುರೇ ನಡೆಯಬೇಕು. ಕಾನೂನು ಮಾಡಿದ ಶಾಸನಸಭೆ ಮಾತ್ರ ಅದರ ವ್ಯಾಪ್ತಿಯಿಂದ ಹೊರಗುಳಿಯಿತು!

ಕಾರ್ಯಸೂಚಿಯನ್ನು 72 ಗಂಟೆ ಮೊದಲೇ ಪ್ರಕಟಿಸಬೇಕೆಂಬ ನಿಯಮ ಸೇರಿದ್ದು 1986ರಲ್ಲಿ. ಗ್ರಾಮಸಭೆಯ ನೋಟೀಸು ಹುಡುಕಿ ಅಲೆದ ನಮಗೆ ಇದರ ಬೆಲೆ ಗೊತ್ತು. ಅದರ ಖರ್ಚನ್ನು ರಾಜ್ಯವೇ ಭರಿಸಬೇಕಿತ್ತು. 2012ರಲ್ಲಿ ಬೊಕ್ಕಸ ಸೊರಗಿದಾಗ ಆ ಕಡ್ಡಾಯವನ್ನೇ ಅಮಾನತಿನಲ್ಲಿಟ್ಟರು. ಪಾರದರ್ಶಕತೆಗೆ ಕತ್ತರಿ ಹಾಕಲು ಬಜೆಟ್ಟಿನ ನೆಪ ಸಾಕಾಯಿತು. ಕೊನೆಗೆ 2014ರಲ್ಲಿ ಮತದಾರರು 42ನೇ ಪ್ರಸ್ತಾವವನ್ನು ಗೆಲ್ಲಿಸಿ, ಕಾಯ್ದೆಯ ಪಾಲನೆಯನ್ನು ರಾಜ್ಯ ಸಂವಿಧಾನಕ್ಕೇ ಸೇರಿಸಿದರು. ಖರ್ಚು ಸ್ಥಳೀಯ ಸಂಸ್ಥೆಗಳ ತಲೆಗೆ ಬಿತ್ತು.