ಇನ್ನೊಬ್ಬ ಚಂದ್ರಶೇಖರ್

ಚಂದ್ರಶೇಖರ್ ಎಂಬ ಭೌತವಿಜ್ಞಾನಿಯ ಹೆಸರೆತ್ತಿದೊಡನೆ ನಮ್ಮವರಿಗೆ ನೆನಪಾಗುವುದು 1983ರಲ್ಲಿ ನೊಬೆಲ್ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್. ಅವರು ಸರ್ ಸಿ. ವಿ. ರಾಮನ್ನರ ಅಣ್ಣನ ಮಗ. ರಾಮನ್ನರ ಸೋದರಿಯ ಮಗನ ಹೆಸರೂ ಅದೇ: ಶಿವರಾಮಕೃಷ್ಣ ಚಂದ್ರಶೇಖರ್. ಈ ಎರಡನೆಯವರ ಜೀವಮಾನದ ಕೆಲಸ ನಡೆದದ್ದು ನಮ್ಮ ಮೈಸೂರು, ಬೆಂಗಳೂರುಗಳಲ್ಲಿ. ಆದರೂ ಅವರನ್ನು ಅರಿತವರು ನಮ್ಮಲ್ಲೇ ಕಡಿಮೆ.

1930ರಲ್ಲಿ ಕಲ್ಕತ್ತೆಯಲ್ಲಿ ಜನಿಸಿದ ಇವರು ನಾಗಪುರದಲ್ಲಿ ಎಂ.ಎಸ್ಸಿ. ಮುಗಿಸಿ, ಬೆಂಗಳೂರಿನಲ್ಲಿ ಸೋದರಮಾವನ ಬಳಿಯೇ ಸಂಶೋಧನೆಗೆ ಸೇರಿದರು. ಅನಂತರ ಕೇಂಬ್ರಿಡ್ಜ್. ಸ್ಫಟಿಕಗಳ ಮೇಲೆ ಬಿದ್ದ ಕ್ಷ-ಕಿರಣ ಮತ್ತು ನ್ಯೂಟ್ರಾನುಗಳು ಚದುರುವ ಬಗೆಯನ್ನು ಅಲ್ಲಿ ಅಭ್ಯಸಿಸಿದರು. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮೊದಲ ಮುಖ್ಯಸ್ಥರಾಗಿ ಬಂದರು. ಅವರು ದ್ರವಸ್ಫಟಿಕಗಳತ್ತ ತಿರುಗಿದ್ದು ಮೈಸೂರಿನಲ್ಲಿಯೇ. 1971ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಇದಕ್ಕೆಂದೇ ಒಂದು ಪ್ರಯೋಗಾಲಯ ಕಟ್ಟಿದರು.

ದ್ರವಸ್ಫಟಿಕವೆಂದರೆ ನೀರಿನಂತೆ ಹರಿಯಬಲ್ಲ, ಆದರೂ ಅಣುಗಳಲ್ಲಿ ಒಂದು ಬಗೆಯ ಶಿಸ್ತನ್ನು ಉಳಿಸಿಕೊಂಡ ವಸ್ತು. ರೈನಿಟ್ಜರ್ ಎಂಬ ಸಸ್ಯವಿಜ್ಞಾನಿ ಇದನ್ನು ಮೊದಲು ಗಮನಿಸಿದ್ದು 1888ರಲ್ಲಿ. ಇಂಥ ಗುಣವಿರಬೇಕಾದರೆ ಅಣು ಕಡ್ಡಿಯಂತೆ ಉದ್ದವಾಗಿರಬೇಕೆಂಬುದು ಮುಂದೆ ಬೇರೂರಿದ ನಂಬಿಕೆ. ಚಂದ್ರಶೇಖರ್, ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಈ ಮೂವರು ಅದನ್ನು 1977ರಲ್ಲಿ ಮುರಿದರು. ಬೆಂಜೀನ್ ಉಂಗುರದ ಆರೂ ಮೂಲೆಗಳಿಗೆ ಬಾಲದಂಥ ಸರಪಣಿಗಳನ್ನು ಜೋಡಿಸಿದಾಗ ಅಣು ಬಿಲ್ಲೆಯಾಕಾರ ತಳೆಯುತ್ತದೆ. ಅದೂ ದ್ರವಸ್ಫಟಿಕವಾಗುತ್ತದೆಂದು ಅವರು ತೋರಿಸಿದರು.

ಕಣ್ಣಿಗೆ ಕಾಣದ ಜೋಡಣೆಯನ್ನು ತಿಳಿದದ್ದಾದರೂ ಹೇಗೆ? ಕ್ಷ-ಕಿರಣವನ್ನು ಹಾಯಿಸಿದರೆ ಅದು ಅಣುಗಳಿಂದ ಚದುರಿ, ಫಿಲ್ಮಿನ ಮೇಲೆ ಉಂಗುರಗಳಾಗಿ ಮೂಡುತ್ತದೆ. ಜೋಡಣೆಯಲ್ಲಿ ಅಂತರ ಹೆಚ್ಚಿದಷ್ಟೂ ಚದುರುವ ಕೋನ ಕಿರಿದು. ಕ್ರಮವಿದ್ದರೆ ಉಂಗುರ ಚೂಪು, ಕ್ರಮ ತಪ್ಪಿದರೆ ಮಸುಕು. ಇಲ್ಲಿ ಎರಡೂ ಬಗೆಯ ಗುರುತುಗಳಿದ್ದವು. ಬಿಲ್ಲೆಗಳು ಒಂದರ ಮೇಲೊಂದು ಕುಳಿತು ಕಂಬಗಳಾಗಿದ್ದವು. ಕಂಬಗಳು ಜೇನುಹಲ್ಲೆಯ ಷಟ್ಕೋನ ಕ್ರಮದಲ್ಲಿ ನಿಂತಿದ್ದವು. ಆದರೆ ಒಂದೊಂದು ಕಂಬದೊಳಗೂ ಬಿಲ್ಲೆಗಳ ನಡುವಿನ ಅಂತರ ಒಂದೇ ಸಮನಾಗಿರಲಿಲ್ಲ. ನಮ್ಮ ಹುಡುಗರು ಅವಸರದಲ್ಲಿ ಪೇರಿಸಿದ ಲಗೋರಿ ಎನ್ನಿ.

ಈ ಲೇಖನ ಅಚ್ಚಾದದ್ದು ವಿದೇಶದಲ್ಲಲ್ಲ, ಬೆಂಗಳೂರಿನ 'ಪ್ರಮಾಣ' ಪತ್ರಿಕೆಯಲ್ಲಿ. ಒಳ್ಳೆಯ ಕೆಲಸಕ್ಕೆ ಪರದೇಶದ ಮುದ್ರೆ ಬೇಕೇಬೇಕೆಂದು ವಾದಿಸುವವರಿಗೆ ನಾನು ಕೊಡುವ ಉತ್ತರ ಇದೇ. ಜಗತ್ತು ಅದನ್ನು ಇಲ್ಲಿಂದಲೇ ಓದಿತು. ಬಿಲ್ಲೆ ಅಣುಗಳಿಂದ ತಯಾರಾದ ಪದರಗಳು 1990ರ ದಶಕದಲ್ಲಿ ಎಲ್‌ಸಿಡಿ ಪರದೆಗಳಿಗೆ ಬಂದವು; ಪಕ್ಕದಿಂದ ನೋಡಿದರೂ ಚಿತ್ರ ಕೆಡದಂತೆ ಕಾಯುವುದು ಅವುಗಳ ಕೆಲಸ.

1983ರಲ್ಲೇ ಅವರು ರಾಯಲ್ ಸೊಸೈಟಿಯ ಫೆಲೋ ಆದರು. 1994ರಲ್ಲಿ ರಾಯಲ್ ಪದಕ, 1998ರಲ್ಲಿ ಪದ್ಮಭೂಷಣ. ನಿವೃತ್ತರಾದ ಮೇಲೂ ಸುಮ್ಮನಿರದೆ ಬೆಂಗಳೂರಿನ ಜಾಲಹಳ್ಳಿಯಲ್ಲಿ ದ್ರವಸ್ಫಟಿಕ ಸಂಶೋಧನಾ ಕೇಂದ್ರವೊಂದನ್ನು ಸ್ಥಾಪಿಸಿದರು. 2004ರ ಮಾರ್ಚ್ 8ರಂದು ತೀರಿಕೊಂಡರು. ಆ ಕೇಂದ್ರ ಹೆಸರು ಬದಲಿಸಿಕೊಂಡು ನ್ಯಾನೋ ಮತ್ತು ಮೃದು ದ್ರವ್ಯ ವಿಜ್ಞಾನಗಳ ಕೇಂದ್ರವಾಗಿ ಮುಂದುವರಿಯಿತು.