‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯ ಎರಡು ಮುಕ್ತಾಯಗಳು

ಚಾರ್ಲ್ಸ್ ಡಿಕನ್ಸನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯು 1860ನೆಯ ಇಸವಿಯ ಡಿಸೆಂಬರಿನಿಂದ 1861ರ ಆಗಸ್ಟಿನವರೆಗೆ ಅವನದೇ ವಾರಪತ್ರಿಕೆಯಲ್ಲಿ ಪ್ರಕಟವಾಯಿತು. ಕೊನೆಯ ಭಾಗವು ಇನ್ನೂ ಹೊರಬೀಳದಿದ್ದಾಗಲೇ ಅದನ್ನೋದಿದ ಮಿತ್ರ ಬುಲ್ವರ್ ಲಿಟನ್ನನು ಮುಕ್ತಾಯವನ್ನು ಬದಲಿಸಬೇಕೆಂದು ಒತ್ತಾಯಪಡಿಸಿದನು, ಡಿಕನ್ಸನು ಒಪ್ಪಿದನು. ಮೊದಲಿನ ಬರವಣಿಗೆಯು ಬೆಳಕು ಕಂಡುದು ಗ್ರಂಥಕರ್ತನ ಮರಣಾನಂತರ, 1874ರಲ್ಲಿ, ಫಾರ್ಸ್ಟರನು ಬರೆದ ಜೀವನಚರಿತ್ರೆಯ ಮೂರನೆಯ ಸಂಪುಟದಲ್ಲಿ. ಫಾರ್ಸ್ಟರನಿಗೆ ಅದೇ ಮೇಲೆಂದು ತೋರಿತು. ಬರ್ನಾರ್ಡ್ ಷಾ 1937ರ ತನ್ನ ಆವೃತ್ತಿಯಲ್ಲಿ ಅದನ್ನೇ ಮುದ್ರಿಸಿದನು.

ಮೊದಲಿನದರಲ್ಲಿ ಎಸ್ಟೆಲ್ಲಳು ಕ್ರೂರಿಯಾದ ಗಂಡನು ಸತ್ತ ಬಳಿಕ ಒಬ್ಬ ವೈದ್ಯನನ್ನು ಮದುವೆಯಾಗಿರುತ್ತಾಳೆ. ಪಿಪ್ಪನು ಲಂಡನ್ನಿನ ಬೀದಿಯಲ್ಲಿ ಅವಳನ್ನು ಕ್ಷಣಕಾಲ ಕಂಡು ಅಗಲುತ್ತಾನೆ. ತಿದ್ದಿದ ಪಾಠದಲ್ಲಾದರೋ ಅವಳು ವಿಧವೆಯಾಗಿಯೇ ಇದ್ದಾಳೆ; ಹಾಳುಬಿದ್ದ ಹಳೆಯ ಮನೆಯ ತೋಟದಲ್ಲಿ ಇಬ್ಬರೂ ಸಂಧಿಸಿ ಕೈಹಿಡಿದು ಹೊರಡುತ್ತಾರೆ.

ದುಃಖಾಂತವೇ ಗಂಭೀರ, ಸುಖಾಂತವು ವಾಚಕರ ಓಲೈಕೆ ಎಂಬ ವಾದವನ್ನು ನಾನು ಒಪ್ಪಲಾರೆ. ನಮ್ಮ ನಾಟ್ಯಶಾಸ್ತ್ರಕಾರರು ಕೇಳುತ್ತಿದ್ದ ಪ್ರಶ್ನೆಯೇ ಬೇರೆ: ಮುಖಸಂಧಿಯಲ್ಲಿ ಬಿತ್ತಿದ ಬೀಜವು ನಿರ್ವಹಣದಲ್ಲಿ ಫಲಿಸಿತೇ? ಈ ಕಾದಂಬರಿಯ ಬೀಜವು ಎಸ್ಟೆಲ್ಲಳ ಪ್ರೇಮವಲ್ಲ. ಜೌಗುನೆಲದಲ್ಲಿ ಬಾಲಕನಾದ ಪಿಪ್ಪನು ಹೆದರಿಕೆಯಿಂದ ಒಬ್ಬ ಸೆರೆತಪ್ಪಿದ ಕೈದಿಗೆ ತಂದುಕೊಟ್ಟ ಅನ್ನ ಮತ್ತು ಅರ, ಇವೇ ಬೀಜ. ಆ ಮ್ಯಾಗ್‌ವಿಚ್ಚನೇ ಮುಂದೆ ಗುಪ್ತದಾತನಾಗಿ ಪಿಪ್ಪನನ್ನು ದೊಡ್ಡಮನುಷ್ಯನನ್ನಾಗಿ ಮಾಡಿದವನು. ಗುಟ್ಟು ತಿಳಿದಾಗ ಪಿಪ್ಪನಿಗೆ ಅಸಹ್ಯವುಂಟಾಗುತ್ತದೆ. ಆದರೆ ಕಡೆಗೆ ಸೆರೆಮನೆಯಲ್ಲಿ ಮುದುಕನ ಕೈಹಿಡಿದು ಕುಳಿತು, ಸತ್ತಳೆಂದು ಅವನು ನಂಬಿದ್ದ ಮಗಳು ಬದುಕಿದ್ದಾಳೆ, ತಾನು ಅವಳನ್ನು ಪ್ರೀತಿಸುತ್ತೇನೆ ಎಂದು ಹೇಳುವವನೂ ಪಿಪ್ಪನೇ. ಆ ಮಗಳೇ ಎಸ್ಟೆಲ್ಲಳು. ಕಥೆಯ ನಿರ್ವಹಣವು ಅಲ್ಲಿಯೇ ಮುಗಿದಿದೆ.

ಹೀಗಿರುವಾಗ ತಿದ್ದಿದ ಪಾಠದಿಂದ ಅತೃಪ್ತಿಯುಂಟಾಗುವುದು ಅದು ಸುಖಕರವೆಂಬುದರಿಂದಲ್ಲ. ತೀರಿದ ಋಣಕ್ಕೆ ಮತ್ತೊಮ್ಮೆ ಫಲವನ್ನು ಕೊಡಹೊರಡುವುದರಿಂದ. ಕೊಟ್ಟುದೂ ಅರೆಮನಸ್ಸಿನಿಂದ: ಅವರು ಮದುವೆಯಾದರೆಂದು ಎಲ್ಲಿಯೂ ಹೇಳಿಲ್ಲ. ಅಂತಿಮ ವಾಕ್ಯವನ್ನು 1862ರ ಆವೃತ್ತಿಗಾಗಿ ಡಿಕನ್ಸನು ಮತ್ತೆ ತಿದ್ದಿದನು. ಅವನಿಗೂ ಸಮಾಧಾನವಿರಲಿಲ್ಲವೋ ಏನೋ. ಆದರೂ ಹಾಳುತೋಟವು ಉಚಿತವಾದ ಸ್ಥಳವೆಂಬುದನ್ನು ಅಲ್ಲಗಳೆಯಲಾಗದು. ಮೊದಲಿನ ಪಾಠದ ಬೀದಿಗೆ ಕಥೆಯ ನೆನಪುಗಳ ಸೋಂಕೇ ಇಲ್ಲ.

ಅಲ್ಲಿರುವ ಹೆಚ್ಚುಗಾರಿಕೆ ಬೇರೊಂದು. ಪಿಪ್ಪನ ಜೊತೆಯಲ್ಲಿ ಕಮ್ಮಾರ ಜೋನ ಪುಟ್ಟ ಮಗನಿರುತ್ತಾನೆ. ಎಸ್ಟೆಲ್ಲಳು ಆ ಮಗುವನ್ನು ಪಿಪ್ಪನದೇ ಎಂದು ಭಾವಿಸಿ ಮುದ್ದಿಡುತ್ತಾಳೆ. ಪಿಪ್ಪನು ಅವಳ ತಪ್ಪನ್ನು ತಿದ್ದುವುದಿಲ್ಲ.